ಮರಳಿ ಬರುವ ಚೀಟಿ

ಅಪ್ಪಯ್ಯನ ತಗಡಿನ ಟ್ರಂಕಿನ ತಳದಲ್ಲಿ ಬಾಳೆನಾರಿನಿಂದ ಕಟ್ಟಿದ ಒಂದು ಕಟ್ಟು ಚೀಟಿಗಳಿವೆ. ಅಂಗೈಯಗಲದ, ಬಣ್ಣ ಮಾಸಿದ, ಒಂದು ಅಂಚು ಹರಿದ ಚೀಟಿಗಳು. ಒಂದೊಂದರ ಮೇಲೂ ಅಮ್ಮನ ಸಹಿ, ತಾರೀಕು, ಅಂಚೆಯ ಮೊಹರು. ಮಾಟುಂಗದ ಹೋಟೆಲೊಂದರ ಅಡುಗೆಮನೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದ ಅಪ್ಪಯ್ಯ ಕುಂದಾಪುರದ ಹತ್ತಿರದ ನಮ್ಮೂರಿಗೆ ತಿಂಗಳು ತಿಂಗಳು ಮನಿಯಾರ್ಡರ್ ಮಾಡುತ್ತಿದ್ದರು. ಹಣ ಮುಟ್ಟಿದ್ದಕ್ಕೆ ಸಾಕ್ಷಿಯಾಗಿ ಮರಳಿ ಬಂದ ಚೀಟಿಗಳು ಇವು. ಹಣ ಕಟ್ಟಿದಾಗ ಕೊಟ್ಟ ರಸೀದಿಗಳು ಮಾತ್ರ ಒಂದೂ ಇಲ್ಲ. ಚೀಟಿ ಬಂದ ದಿನವೇ ಅವನ್ನು ಹರಿದು ಎಸೆಯುತ್ತಿದ್ದರಂತೆ.

ಈಚೆಗೆ ಆಫೀಸಿನಲ್ಲಿ ಒಂದು ಸಣ್ಣ ಚರ್ಚೆಯ ನಡುವೆ ಆ ಕಟ್ಟು ನೆನಪಾಯಿತು. ನಮ್ಮ ತಂಡದ ಹುಬ್ಬಳ್ಳಿಯ ಹುಡುಗಿಯೊಬ್ಬಳು ಹಣ ವರ್ಗಾವಣೆಯ ಒಂದು ಫಂಕ್ಷನ್ ಬರೆದಿದ್ದಳು. ಅದು ಕೊಡುತ್ತಿದ್ದುದು ಎರಡೇ ಉತ್ತರ: ಆಯಿತು, ಇಲ್ಲವೇ ಆಗಲಿಲ್ಲ. "ಆ ಕಡೆಯಿಂದ ಉತ್ತರವೇ ಬರದಿದ್ದರೆ ಏನು ಮಾಡ್ತೀಯಮ್ಮ?" ಎಂದು ಕೇಳಿದೆ. "ಆಗಲಿಲ್ಲ ಅಂತ ಕಳಸ್ತೀನ್ರೀ ಸರ್. ಬೇಕಾದ್ರ ಇನ್ನೊಮ್ಮೆ ಟ್ರೈ ಮಾಡ್ತಾರ," ಎಂದಳು. ಅವಳಿಗೆ ಟ್ರಂಕಿನ ಕಥೆ ಹೇಳಬೇಕಾಯಿತು. ನಿಮಗೂ ಹೇಳುತ್ತೇನೆ, ಆದರೆ ಅದಕ್ಕೆ ಮೊದಲು ಬೇರೊಂದು ಕಥೆ ಇದೆ.

ಕಂಪ್ಯೂಟರ್ ಓದದವರಿಗಾಗಿ ಎರಡು ಮಾತು. ಪ್ರೋಗ್ರಾಮಿನಲ್ಲಿ ಫಂಕ್ಷನ್ ಎಂದರೆ ಮನೆಯ ಮಗುವನ್ನು ಅಂಗಡಿಗೆ ಕಳಿಸಿದ ಹಾಗೆ. ಅರ್ಧ ಕೇಜಿ ಸಕ್ಕರೆ ತಾ ಎಂದು ದುಡ್ಡು ಕೊಟ್ಟು ಕಳಿಸುತ್ತೇವೆ, ಮಗು ಸಕ್ಕರೆ ತರುತ್ತದೆ. ತಂದದ್ದನ್ನೇ ರಿಟರ್ನ್ ವ್ಯಾಲ್ಯೂ ಎನ್ನುವುದು. ಅಂಗಡಿ ಮುಚ್ಚಿದ್ದರೆ? ಬರಿಗೈಯಲ್ಲಿ ಬರಬಹುದು. ಸಕ್ಕರೆಯ ಬದಲು ಉಪ್ಪು ತರಬಹುದು, ಎರಡೂ ಬೆಳ್ಳಗೇ ಇವೆ. ಅಂಗಡಿಯ ಬಾಗಿಲಲ್ಲೇ ನಿಂತು ಕೇರಿಗೆಲ್ಲ ಕೇಳುವಂತೆ ಅಳಬಹುದು. ಇಲ್ಲವೇ ಹೋದ ಮಗು ಬಾರದೇ ಇರಬಹುದು. ಭಾಷೆಗಳನ್ನು ಕಟ್ಟಿದವರು ಎಪ್ಪತ್ತೈದು ವರ್ಷಗಳಿಂದ ತಲೆ ಕೆಡಿಸಿಕೊಂಡಿರುವುದು ಹೆಚ್ಚುಕಡಿಮೆ ಈ ನಾಲ್ಕರ ಸುತ್ತಲೇ.

ಮೊದಮೊದಲು ಇದ್ದ ಚಿಂತೆ ಇನ್ನೂ ಸರಳವಾದದ್ದು. ಹೋದದ್ದು ಮರಳಿ ಬರುವುದು ಹೇಗೆ? 1949ರ ಮೇ 6ರಂದು ಕೇಂಬ್ರಿಜ್‌ನಲ್ಲಿ ಎಡ್ಸ್ಯಾಕ್ ಯಂತ್ರ ತನ್ನ ಮೊದಲ ಪ್ರೋಗ್ರಾಮನ್ನು ಓಡಿಸಿತು. ಒಂದೇ ಲೆಕ್ಕವನ್ನು ಮತ್ತೆ ಮತ್ತೆ ಬರೆಯುವ ಬದಲು ಒಮ್ಮೆ ಬರೆದಿಟ್ಟು ಬೇಕಾದಾಗ ಕರೆಯೋಣ ಎಂಬ ಯೋಚನೆ ಬಂದಾಗ, ಎಲ್ಲಿಂದ ಬಂದೆ ಎಂದು ನೆನಪಿಡುವ ಸೌಲಭ್ಯವೇ ಆ ಯಂತ್ರಕ್ಕೆ ಇರಲಿಲ್ಲ. ಡೇವಿಡ್ ವೀಲರ್ ಎಂಬ ತರುಣ ಒಂದು ಉಪಾಯ ಮಾಡಿದ. ಹೊರಡುವಾಗ ತಾನಿರುವ ಜಾಗದ ವಿಳಾಸವನ್ನು ಕೈಯಲ್ಲಿ ಹಿಡಿದು ಹೋಗುವುದು, ಹೋದಲ್ಲಿ ಅದನ್ನು ಕೊನೆಯ ಸಾಲಿನಲ್ಲಿ ಬರೆದುಬಿಡುವುದು. ಕೆಲಸ ಮುಗಿದಾಗ ಕೊನೆಯ ಸಾಲೇ ಮನೆಗೆ ದಾರಿ ತೋರಿಸುತ್ತದೆ. ಆ ಯಂತ್ರ ಕಟ್ಟಿಸಿದ ಮೌರಿಸ್ ವಿಲ್ಕ್ಸ್, ಉಳಿದ ಆಯುಸ್ಸಿನ ದೊಡ್ಡ ಪಾಲು ತನ್ನದೇ ಪ್ರೋಗ್ರಾಮುಗಳ ತಪ್ಪು ಹುಡುಕುವುದರಲ್ಲೇ ಕಳೆಯಲಿದೆ ಎಂಬುದು ಒಂದು ದಿನ ಮೆಟ್ಟಿಲ ಬಳಿ ಹೊಳೆಯಿತೆಂದು ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ನಮ್ಮ ಕಸುಬಿನ ಬಗ್ಗೆ ಅಷ್ಟು ಬೇಗ, ಅಷ್ಟು ಸರಿಯಾಗಿ ಭವಿಷ್ಯ ಹೇಳಿದವರು ಇನ್ನೊಬ್ಬರಿಲ್ಲ.

ಮುಂಬಯಿಗೆ ಈ ವಿದ್ಯೆ ಬರಲು ಹೆಚ್ಚು ತಡವಾಗಲಿಲ್ಲ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಆರ್. ನರಸಿಂಹನ್ ಅವರ ತಂಡ ಸ್ವಂತವಾಗಿ ಕಟ್ಟಿದ ಯಂತ್ರ 1960ರಲ್ಲಿ ಕೆಲಸ ಶುರು ಮಾಡಿತು. 1962ರಲ್ಲಿ ನೆಹರೂ ಅದಕ್ಕೆ ಟಿಫ್ರಾಕ್ ಎಂದು ಹೆಸರಿಟ್ಟರು. ನೆನಪಿನ ಭಂಡಾರವೆಂದರೆ ನಲವತ್ತು ಬಿಟ್ಟಿನ 2048 ಪದಗಳು, ಅಷ್ಟೇ. ಇಂದು ವಾಟ್ಸಾಪಿನಲ್ಲಿ ಬರುವ ಒಂದು ಗುಡ್ ಮಾರ್ನಿಂಗ್ ಚಿತ್ರವೂ ಅದರಲ್ಲಿ ಹಿಡಿಸದು. 1964ರಲ್ಲಿ ಕೊಲಾಬಾದ ಅದೇ ಸಂಸ್ಥೆಗೆ ಅಮೆರಿಕದ ಸಿಡಿಸಿ 3600 ಬಂತು. ಕಾರ್ಡುಗಳ ಕಟ್ಟನ್ನು ಕೌಂಟರಿನಲ್ಲಿ ಕೊಟ್ಟು ಹೋಗುವುದು, ಆಮೇಲೆ ಬಂದು ಅಚ್ಚಾದ ಕಾಗದ ಪಡೆಯುವುದು, ಇದು ಆ ಕಾಲದ ಪದ್ಧತಿ. ತಪ್ಪಾದರೆ ಕಾಗದದಲ್ಲಿ ಅದರ ಸುದ್ದಿ ಇರುತ್ತಿತ್ತು. ಅದನ್ನು ಓದಿ ಮುಂದೇನು ಎಂದು ಯೋಚಿಸುವ ಹೊಣೆ ಮನುಷ್ಯನದೇ. ಪ್ರೋಗ್ರಾಮಿಗೆ ತಪ್ಪಿನ ಅರಿವು ಬೇಕಾಗಿರಲಿಲ್ಲ, ಏಕೆಂದರೆ ಪಕ್ಕದಲ್ಲಿ ಯಾರಾದರೊಬ್ಬರು ಎಚ್ಚರವಾಗಿರುತ್ತಿದ್ದರು.

ಯಂತ್ರಗಳು ರಾತ್ರಿಯಿಡೀ ತಾವೇ ದುಡಿಯಲು ಶುರುವಾದ ಮೇಲೆ ಇದು ಸಾಲಲಿಲ್ಲ. 1960ರ ಕೊಬಾಲ್ ಭಾಷೆ ವ್ಯಾಪಾರದ ಲೆಕ್ಕಕ್ಕೆಂದೇ ಹುಟ್ಟಿದ್ದು. ಉತ್ತರ ಮನೆಯೊಳಗೆ ಹಿಡಿಸದಿದ್ದರೆ ಏನು ಮಾಡಬೇಕೆಂದು ಬರೆಯಲು ಅದರಲ್ಲಿ 'ಆನ್ ಸೈಜ್ ಎರರ್' ಎಂಬ ಸಾಲು ಇತ್ತು. ಒಳ್ಳೆಯ ಯೋಚನೆಯೇ. ಆದರೆ ಆ ಸಾಲನ್ನು ಬರೆಯಲೇಬೇಕೆಂಬ ಕಡ್ಡಾಯ ಇರಲಿಲ್ಲ. ಬರೆಯದಿದ್ದರೆ ಮೂರು ಅಂಕಿಯ ಮನೆಯಲ್ಲಿ 999ಕ್ಕೆ ಒಂದು ಕೂಡಿಸಿದಾಗ ಮುಂದಿನ ಒಂದು ಉದುರಿ ಸೊನ್ನೆ ಉಳಿಯುತ್ತಿತ್ತು, ಯಾರಿಗೂ ಸದ್ದಿಲ್ಲದೆ.

ಅದೇ 1964ರಲ್ಲಿ ಬಂದ ಐಬಿಎಂ 360 ಯಂತ್ರದ ಒಂದು ಪದ್ಧತಿ ನನಗೆ ಇಂದಿಗೂ ಬಹಳ ಇಷ್ಟ. ಕೆಲಸ ಮುಗಿಸಿದ ಪ್ರೋಗ್ರಾಮು ಒಂದು ಅಂಕಿ ಕೊಟ್ಟು ಹೋಗುತ್ತದೆ: ಸೊನ್ನೆ, ನಾಲ್ಕು, ಎಂಟು, ಹನ್ನೆರಡು, ಹದಿನಾರು. ಯಾಕೆ ನಾಲ್ಕರ ಮಗ್ಗಿ? ಆ ಯಂತ್ರದಲ್ಲಿ 'ಇಲ್ಲಿಗೆ ಹೋಗು' ಎಂಬ ಆದೇಶದ ಉದ್ದ ನಾಲ್ಕು ಬೈಟು. ಕರೆದವರು ಇಂಥ ಆದೇಶಗಳನ್ನು ಸಾಲಾಗಿ ಬರೆದಿಟ್ಟರೆ, ಬಂದ ಅಂಕಿಯನ್ನು ಹಾಗೇ ಕೂಡಿಸಿ ನೇರ ಆ ದಾರಿ ಹಿಡಿಯಬಹುದು. ಉತ್ತರವೇ ದಾರಿ. ಆಗಿನ ಕಾಲದ ಜಿಪುಣ ಜಾಣತನ ಅದು.

ಅದರ ಜೊತೆ ನನಗೊಂದು ಹಳೆಯ ಲೆಕ್ಕವೂ ಇದೆ. ಸುರತ್ಕಲ್‌ನಲ್ಲಿ ಎಂಟೆಕ್ ಮುಗಿಸಿ ಮುಂಬಯಿಗೆ ಬಂದ ಹೊಸತು. ಅಂಧೇರಿಯ ಆಫೀಸಿನಲ್ಲಿ ಕೂತು ಒಂದು ಬ್ಯಾಂಕಿನ ರಾತ್ರಿ ಕೆಲಸಗಳ ಸರಪಳಿ ಬರೆಯುತ್ತಿದ್ದೆವು. ಸೊನ್ನೆ ಎಂದರೆ ಸರಿ, ಎಂಟು ಎಂದರೆ ಕೆಟ್ಟಿದೆ. ನಾಲ್ಕು ಎಂದರೆ ಎಚ್ಚರಿಕೆ ಮಾತ್ರ, ನೋಡಿ ಮುಂದುವರಿಯಿರಿ. ನೋಡುವವರು ಯಾರು, ರಾತ್ರಿ ಎರಡು ಗಂಟೆಗೆ? ನಾಲ್ಕು ಬಂದರೂ ಮುಂದಿನ ಹೆಜ್ಜೆಗೆ ಹೋಗು ಎಂದು ನಾನೇ ಬರೆದೆ. ಒಂದು ರಾತ್ರಿ ಆ ನಾಲ್ಕರ ಹಿಂದೆ ಒಂದಷ್ಟು ಖಾತೆಗಳನ್ನು ಓದದೆ ಬಿಟ್ಟ ಸಂಗತಿ ಅಡಗಿತ್ತು. ಎಲ್ಲ ಹೆಜ್ಜೆಗಳೂ ಹಸಿರಾಗಿ ಮುಗಿದವು. ಮೂರನೇ ದಿನ ಪಿಂಚಣಿಯವರೊಬ್ಬರು ಪಾಸ್‌ಬುಕ್ ಹಿಡಿದು ಶಾಖೆಗೆ ಬಂದು ನನ್ನ ಹಣ ಎಲ್ಲಿ ಎಂದು ಕೇಳಿದಾಗಲೇ ಗೊತ್ತಾದದ್ದು. ಬೈಗುಳ ತಿಂದದ್ದು ಶಾಖೆಯ ಗುಮಾಸ್ತರು. ತಪ್ಪು ನನ್ನದು.

ನನ್ನ ತಲೆಮಾರಿನವರು ಕಾಲೇಜಿನಲ್ಲಿ ಮೊದಲು ಕಲಿತದ್ದು ಸಿ. ಬೆಲ್ ಲ್ಯಾಬ್ಸ್‌ನಲ್ಲಿ ಡೆನಿಸ್ ರಿಚಿ 1972ರ ಸುಮಾರಿಗೆ ರೂಪಿಸಿದ ಈ ಭಾಷೆ ಉಪ್ಪು ಮತ್ತು ಸಕ್ಕರೆಯನ್ನು ಒಂದೇ ಪೊಟ್ಟಣದಲ್ಲಿ ಕಟ್ಟಿತು. ಫಂಕ್ಷನ್ನಿಗೆ ಒಂದೇ ಉತ್ತರ. ಸರಿಯಾದದ್ದೂ ಅದರಲ್ಲೇ, ತಪ್ಪಿನ ಸುದ್ದಿಯೂ ಅದರಲ್ಲೇ. ಫೈಲಿನಿಂದ ಒಂದು ಅಕ್ಷರ ಓದುವ ಗೆಟ್‌ಸಿ ಎಂಬ ಫಂಕ್ಷನ್ ನೋಡಿ. ಒಂದು ಬೈಟಿನಲ್ಲಿ ಸೊನ್ನೆಯಿಂದ 255ರವರೆಗಿನ ಯಾವ ಅಂಕಿಯಾದರೂ ಅಕ್ಷರವಾಗಿ ಬರಬಹುದು. ಹಾಗಾದರೆ ಫೈಲು ಮುಗಿಯಿತು ಎಂದು ಹೇಳುವುದು ಯಾವ ಅಂಕಿಯಿಂದ? 256 ಆಸನಗಳೂ ಭರ್ತಿ. ಅದಕ್ಕೇ ಅಕ್ಷರ ಕೊಡಬೇಕಾದ ಫಂಕ್ಷನ್ ಅಕ್ಷರದ ಬದಲು ದೊಡ್ಡ ಪೂರ್ಣಾಂಕ ಕೊಡುತ್ತದೆ, ಮುಗಿದಾಗ ಸಾಮಾನ್ಯವಾಗಿ ಮೈನಸ್ ಒಂದು. ಇದನ್ನು ಮರೆತು ಉತ್ತರವನ್ನು ಅಕ್ಷರದ ಡಬ್ಬಿಗೆ ತುಂಬಿದವರ ಪ್ರೋಗ್ರಾಮು ಫೈಲಿನ ನಡುವೆಯೇ ನಿಲ್ಲಬಹುದು, ಇಲ್ಲವೇ ನಿಲ್ಲದೆಯೇ ಓಡಬಹುದು. ಎ-ಟು-ಐ ಎಂಬುದಂತೂ ಇನ್ನೂ ಭೋಳೆ. ಬರಹದಲ್ಲಿರುವ ಸಂಖ್ಯೆಯನ್ನು ಅಂಕಿಯಾಗಿಸುವುದು ಅದರ ಕೆಲಸ. 'ಸೊನ್ನೆ' ಕೊಟ್ಟರೂ ಸೊನ್ನೆ, 'ಹಲಸಿನಹಣ್ಣು' ಕೊಟ್ಟರೂ ಸೊನ್ನೆ. ತಪ್ಪಿನ ಕಾರಣ ತಿಳಿಯಲು ಸಿ ಭಾಷೆಯಲ್ಲಿ ಎರ್‌ನೋ ಎಂಬ ಇನ್ನೊಂದು ಜಾಗವಿದೆ. ಬಾಗಿಲ ಹೊರಗಿನ ಮೊಳೆಗೆ ಸಿಕ್ಕಿಸಿದ ಚೀಟಿಯ ಹಾಗೆ. ನೀವು ಓದುವುದರೊಳಗೆ ಇನ್ನೊಬ್ಬರು ಬಂದು ಬೇರೆ ಚೀಟಿ ಸಿಕ್ಕಿಸಿ ಹೋಗಿರಬಹುದು.

ಇದಕ್ಕಿಂತ ಮುಂಚೆಯೇ, 1965ರಲ್ಲಿ, ಟೋನಿ ಹೋರ್ ಆಲ್ಗಾಲ್ ಡಬ್ಲ್ಯೂ ಭಾಷೆಗೆ ಬರಿಗೈ ತಂದಿದ್ದರು: ನಲ್. ಏನೂ ಇಲ್ಲ ಎಂಬುದಕ್ಕೆ ಒಂದು ಗುರುತು. ಜಾರಿಗೆ ತರುವುದು ಸುಲಭವೆಂದು ಸೇರಿಸಿದ್ದನ್ನು ಅವರೇ 2009ರಲ್ಲಿ ಲಂಡನ್ನಿನ ಒಂದು ಸಮ್ಮೇಳನದಲ್ಲಿ ತಮ್ಮ ನೂರು ಕೋಟಿ ಡಾಲರಿನ ತಪ್ಪು ಎಂದು ಒಪ್ಪಿಕೊಂಡರು. ನಲವತ್ತು ವರ್ಷದ ಹಿಂದಿನ ಅನುಕೂಲವನ್ನು ವೇದಿಕೆ ಮೇಲೆ ನಿಂತು ತಪ್ಪು ಎನ್ನುವ ದೊಡ್ಡತನ ನಮ್ಮ ಉದ್ಯಮದಲ್ಲಿ ಅಪರೂಪ.

ಉತ್ತರದೊಳಗೆ ತಪ್ಪನ್ನು ಬೆರೆಸಿದರೆ ಇಷ್ಟೆಲ್ಲ ತೊಂದರೆ ಎಂದ ಮೇಲೆ, ತಪ್ಪಿಗೆ ಬೇರೆಯೇ ಬಾಗಿಲು ಇಡೋಣ ಎಂದರು ಇನ್ನೊಂದು ಪಂಥದವರು. ಇದು ಅಳುವ ಮಗುವಿನ ದಾರಿ. ಪಿಎಲ್ ವನ್ ಭಾಷೆಯಲ್ಲಿ ಅರವತ್ತರ ದಶಕದಲ್ಲೇ ಇದರ ಮೊಳಕೆ ಇತ್ತು. 1975ರಲ್ಲಿ ಜಾನ್ ಗುಡ್‌ಇನಫ್ ಎಕ್ಸೆಪ್ಶನ್‌ಗಳ ಬಗ್ಗೆ ಕ್ರಮಬದ್ಧವಾಗಿ ಬರೆದರು. ಬಾರ್ಬರಾ ಲಿಸ್ಕೋವ್ ಅವರ ಸಿಎಲ್‌ಯು, ಆಮೇಲೆ ಅಡಾ, ಸಿ ಪ್ಲಸ್ ಪ್ಲಸ್, ಜಾವಾ ಎಲ್ಲವೂ ಈ ಹಾದಿಯವೇ. ತಪ್ಪಾದ ಕೂಡಲೇ ಫಂಕ್ಷನ್ ಕೂಗುತ್ತದೆ. ಕೇಳಿಸಿಕೊಳ್ಳುವವರು ಹತ್ತಿರ ಇಲ್ಲದಿದ್ದರೆ ಕೂಗು ಅದರಾಚೆಗೆ, ಅದರಾಚೆಗೆ ಹೋಗುತ್ತದೆ. ಯಾರೂ ಕಿವಿಗೊಡದಿದ್ದರೆ ಪ್ರೋಗ್ರಾಮೇ ನಿಂತುಬಿಡುತ್ತದೆ.

ಆ ನಿಲ್ಲುವುದು ನೆಲದ ಮೇಲೆ ಪರವಾಗಿಲ್ಲ. 1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕುರುವಿನಿಂದ ಏರಿಯಾನ್ 5 ರಾಕೆಟ್ ಮೊದಲ ಬಾರಿ ಹಾರಿತು. ದಿಕ್ಕು ಅಳೆಯುವ ಅದರ ಉಪಕರಣಕ್ಕೆ ಹಳೆಯ ಏರಿಯಾನ್ 4ರ ಪ್ರೋಗ್ರಾಮನ್ನೇ ಅಡಾ ಭಾಷೆಯಲ್ಲಿದ್ದ ಹಾಗೆ ಕೂರಿಸಿದ್ದರು. ಹೊಸ ರಾಕೆಟ್ಟಿನ ಅಡ್ಡವೇಗ ಜಾಸ್ತಿ. 64 ಬಿಟ್ಟಿನ ಸಂಖ್ಯೆಯನ್ನು 16 ಬಿಟ್ಟಿನ ಮನೆಗೆ ತುಂಬುವಾಗ ಹಿಡಿಸದೆ ಎಕ್ಸೆಪ್ಶನ್ ಎದ್ದಿತು. ಆ ಜಾಗದಲ್ಲಿ ಕೇಳಿಸಿಕೊಳ್ಳುವವರನ್ನು ಇಟ್ಟಿರಲಿಲ್ಲ. ಉಪಕರಣ ತಾನು ಕೆಟ್ಟಿದ್ದೇನೆಂದು ನಿಂತಿತು. ಅದರ ಬದಲಿಯೂ ಅದೇ ಪ್ರೋಗ್ರಾಮು, ಅದೂ ನಿಂತಿತ್ತು. ಹಾರಾಟಕ್ಕೆ ಆ ಲೆಕ್ಕದ ಅಗತ್ಯವೇ ಇರಲಿಲ್ಲ ಎಂಬುದು ಆಮೇಲಿನ ಸಂಕಟ.

ಈ ಕಥೆಯನ್ನು ಎಲ್ಲರೂ ಇಲ್ಲಿಗೇ ನಿಲ್ಲಿಸುತ್ತಾರೆ. ನನ್ನನ್ನು ಕಾಡುವುದು ಮುಂದಿನದು. ನಿಲ್ಲುವ ಮುನ್ನ ಉಪಕರಣ ತನ್ನ ತಪ್ಪಿನ ವಿವರವನ್ನು ಮುಖ್ಯ ಕಂಪ್ಯೂಟರಿಗೆ ಕಳಿಸಿತ್ತು. ಮುಖ್ಯ ಕಂಪ್ಯೂಟರು ಅದನ್ನು ಹಾರಾಟದ ಅಂಕಿಯೆಂದು ಓದಿತು. ರಾಕೆಟ್ಟು ದಾರಿ ತಪ್ಪಿದೆ ಎಂದುಕೊಂಡು ಸರಿಯಾಗಿ ಹೋಗುತ್ತಿದ್ದದ್ದನ್ನು ಜೋರಾಗಿ ತಿರುಗಿಸಿತು, ರಾಕೆಟ್ಟು ಮುರಿಯಿತು. ಎಲ್ಲ ಸೇರಿ ಸುಮಾರು ನಲವತ್ತು ಸೆಕೆಂಡು. ಬೇರೆ ಬಾಗಿಲು ಇಟ್ಟ ಭಾಷೆಯಲ್ಲೂ ಕೊನೆಗೆ ಉಪ್ಪನ್ನು ಸಕ್ಕರೆಯೆಂದೇ ತಿಂದರು.

ಜಾವಾ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಫಂಕ್ಷನ್ ಯಾವ್ಯಾವ ತಪ್ಪು ಕೂಗಬಹುದೆಂದು ಮೊದಲೇ ಘೋಷಿಸಬೇಕು, ಕರೆದವರು ಅದಕ್ಕೆ ಏನಾದರೂ ಮಾಡಲೇಬೇಕು, ಇಲ್ಲದಿದ್ದರೆ ಕಂಪೈಲರ್ ಬಿಡುವುದಿಲ್ಲ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಕಾನೂನು ಇಲ್ಲ. 2000ದ ಮೊದಲ ದಶಕದಲ್ಲಿ ಸೀಪ್ಜ್‌ನಿಂದ ಐರೋಲಿಯವರೆಗೆ ಜಾವಾ ಬರೆದ ನಾವೆಲ್ಲ ಅದನ್ನು ಹೇಗೆ ಪಾಲಿಸಿದೆವು? ಏನಾದರೂ ಮಾಡಬೇಕು ತಾನೆ, ಖಾಲಿ ಕ್ಯಾಚ್ ಬರೆದೆವು. ತಪ್ಪನ್ನು ಹಿಡಿದು, ಬಾಯಿ ಮುಚ್ಚಿಸಿ, ಮುಂದೆ ನಡೆದೆವು. ಬೇಕಾದರೆ ಒಳಗೊಂದು ಕಾಮೆಂಟು: ಇದು ಎಂದೂ ಆಗುವುದಿಲ್ಲ. ಸಿ ಶಾರ್ಪ್ ಕಟ್ಟಿದ ಆಂಡರ್ಸ್ ಹೈಲ್ಸ್‌ಬರ್ಗ್ ತಮ್ಮ ಭಾಷೆಯಲ್ಲಿ ಈ ಕಡ್ಡಾಯವನ್ನು ಬಿಟ್ಟರು, ಏಕೆ ಬಿಟ್ಟರೆಂದು 2003ರಲ್ಲಿ ಒಂದು ಸಂದರ್ಶನದಲ್ಲಿ ವಿವರಿಸಿದರು. ಅವರ ವಾದ ಪೂರ್ತಿ ಒಪ್ಪಲಾರೆ. ಆದರೆ ಖಾಲಿ ಕ್ಯಾಚುಗಳನ್ನು ಸ್ವತಃ ಬರೆದವನಿಗೆ ವಾದಿಸುವ ಮುಖವಿಲ್ಲ.

ಈಗ ಗಾಳಿ ಮತ್ತೆ ಹಳೆಯ ಕಡೆಗೆ ತಿರುಗಿದೆ. ತಪ್ಪು ಕೂಡ ಉತ್ತರವೇ ಆಗಲಿ, ಆದರೆ ಬೇರೆ ಪೊಟ್ಟಣದಲ್ಲಿ ಬರಲಿ. 2009ರಲ್ಲಿ ಹೊರಬಂದ ಗೋ ಭಾಷೆ ಎರಡು ಉತ್ತರ ಕೊಡುತ್ತದೆ, ಒಂದು ಫಲ, ಇನ್ನೊಂದು ತಪ್ಪಿನ ಸುದ್ದಿ. 2015ರಲ್ಲಿ ಮೊದಲ ಸ್ಥಿರ ಆವೃತ್ತಿ ಕಂಡ ರಸ್ಟ್, ಎಂಎಲ್ ಮತ್ತು ಹ್ಯಾಸ್ಕೆಲ್‌ನ ಹಳೆಯ ವಿದ್ಯೆಯನ್ನು ತಂದು, ಫಲ ಅಥವಾ ತಪ್ಪು ಎರಡರಲ್ಲಿ ಒಂದನ್ನು ಮಾತ್ರ ಇಡಬಲ್ಲ ರಿಸಲ್ಟ್ ಎಂಬ ಪೆಟ್ಟಿಗೆ ಕೊಟ್ಟಿತು. ಪೆಟ್ಟಿಗೆ ತೆರೆದು ಯಾವುದೆಂದು ನೋಡದೆ ಫಲ ಕೈಗೆ ಸಿಗುವುದಿಲ್ಲ. ನೋಡದೆ ಬಿಸಾಡಿದರೆ ಕಂಪೈಲರ್ ಎಚ್ಚರಿಸುತ್ತದೆ.

ರಸ್ಟ್ ಮೊದಲ ಸಲ ಓದಿದಾಗ ನನಗೆ ಕಂಡದ್ದು ಅಪ್ಪಯ್ಯನ ಮನಿಯಾರ್ಡರ್ ಫಾರಮ್ಮು. 1880ರಲ್ಲಿ ಈ ದೇಶದ ಅಂಚೆಯಲ್ಲಿ ಶುರುವಾದ ವ್ಯವಸ್ಥೆ ಅದು. ಒಂದೇ ಹಾಳೆಯಲ್ಲಿ ಹಣದ ಮೊತ್ತ, ಎರಡು ಸಾಲು ಸುದ್ದಿಗೆ ಜಾಗ, ಹಣ ಪಡೆದವರ ಸಹಿ ಹೊತ್ತು ಮರಳುವ ಚೀಟಿ. ಹಣ ಕೊಡಲಾಗದಿದ್ದರೆ ಅಂಚೆಯಣ್ಣ ಕಾರಣ ಬರೆಯುತ್ತಿದ್ದ: ವಿಳಾಸದಾರರು ಊರು ಬಿಟ್ಟಿದ್ದಾರೆ, ನಿರಾಕರಿಸಿದರು, ತೀರಿಕೊಂಡಿದ್ದಾರೆ. ಕಾರಣದೊಂದಿಗೆ ಹಣವೂ ಹಿಂದಕ್ಕೆ. ಸಹಿ ಇಲ್ಲವೇ ಕಾರಣ. ಕೋಟ, ಕುಂದಾಪುರ, ಕಾರ್ಕಳ, ಮೂಡುಬಿದಿರೆಗಳಿಂದ ಬಂದು ಇಲ್ಲಿನ ಹೋಟೆಲುಗಳಲ್ಲಿ ಲೋಟ ತೊಳೆಯುತ್ತ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತ ಸಾವಿರಾರು ಹುಡುಗರು ಈ ವ್ಯವಸ್ಥೆಯನ್ನು ಯಾವ ಕೈಪಿಡಿಯೂ ಇಲ್ಲದೆ ಬಳಸಿದರು.

ಆದರೆ ಆ ಹಾಳೆಯಲ್ಲೂ ಒಂದು ಮನೆ ಖಾಲಿ ಇತ್ತು. ಈಗ ಟ್ರಂಕಿನ ಕಥೆ.

ಎಂಬತ್ತರ ದಶಕದ ಒಂದು ಮಳೆಗಾಲ. ಕೊಂಕಣ ರೈಲು ಪೂರ್ತಿಯಾಗಿ ಓಡಲು ಶುರುವಾದದ್ದು 1998ರಲ್ಲಿ. ಆಗ ಊರಿಗೂ ಮುಂಬಯಿಗೂ ನಡುವೆ ಇದ್ದದ್ದು ಘಾಟಿ ರಸ್ತೆ, ಬಸ್ಸು, ಮಳೆ. ಜೂನ್ ತಿಂಗಳ ಮುನ್ನೂರು ರೂಪಾಯಿಯ ಚೀಟಿ ಮರಳಿ ಬರಲಿಲ್ಲ. ಎರಡು ವಾರ, ಮೂರು ವಾರ, ಐದು ವಾರ. ಮನೆಯಲ್ಲಿ ಫೋನಿಲ್ಲ. ಅಂಚೆಯಲ್ಲಿ ದೂರು ಬರೆದುಕೊಟ್ಟದ್ದಕ್ಕೆ ವಿಚಾರಣೆಯಾಗಬೇಕು, ಅದಕ್ಕೂ ಅದೇ ರಸ್ತೆ, ಅದೇ ಮಳೆ. ಶಾಲೆ ಶುರುವಾಗುವ ಹೊತ್ತು, ಮನೆಯಲ್ಲಿ ನಾವು ಮೂವರು ಮಕ್ಕಳು. ಅಪ್ಪಯ್ಯ ಧಣಿಗಳ ಹತ್ತಿರ ಸಾಲ ಕೇಳಿ ಮತ್ತೆ ಮುನ್ನೂರು ಕಳಿಸಿದರು. ಅದು ಹೋದ ನಾಲ್ಕನೇ ದಿನ ಅಮ್ಮನ ಕಾಗದ ಬಂತು. ಮೊದಲಿನ ಹಣ ಸರಿಯಾದ ಹೊತ್ತಿಗೇ ಮುಟ್ಟಿತ್ತು. ಕಳೆದದ್ದು ಚೀಟಿ ಮಾತ್ರ.

ಅಮ್ಮನಿಗೆ ಎರಡನೆಯ ಹಣ ಬಂದಾಗ ಗಂಡನ ಸಂಬಳ ಏರಿತೆಂದು ಸಂತೋಷ. ಸೋರುತ್ತಿದ್ದ ಕೊಟ್ಟಿಗೆಗೆ ಹಂಚು ಹೊದಿಸಿದಳು. ಅಪ್ಪಯ್ಯ ಧಣಿಗಳ ಸಾಲ ತೀರಿಸಲು ನಾಲ್ಕು ತಿಂಗಳು ರಾತ್ರಿಪಾಳಿಯಲ್ಲೂ ನಿಂತರು. ಅಮ್ಮನಿಗೆ ವಿಷಯ ಗೊತ್ತಾದದ್ದು ದೀಪಾವಳಿಗೆ ಊರಿಗೆ ಬಂದ ಅಪ್ಪಯ್ಯನ ಅಂಗೈ ನೋಡಿದಾಗ. ಆ ಹಂಚು ಈಗಲೂ ಇದೆ, ದನಗಳಿಲ್ಲ.

ಉತ್ತರ ಬಾರದಿರುವುದು 'ಆಗಲಿಲ್ಲ' ಎಂಬ ಉತ್ತರವಲ್ಲ ಎಂಬುದನ್ನು ಕಂಪ್ಯೂಟರಿನವರು ನಿಧಾನವಾಗಿ ಕಲಿತರು. 1978ರಲ್ಲಿ ಜಿಮ್ ಗ್ರೇ ಇದನ್ನು ಇಬ್ಬರು ಸೇನಾಪತಿಗಳ ವಿರೋಧಾಭಾಸವೆಂದು ಕರೆದರು. ನಡುವೆ ಸುದ್ದಿ ಕಳೆದುಹೋಗಬಹುದಾದರೆ, ಎಷ್ಟು ಚೀಟಿ ಓಡಾಡಿದರೂ ಇಬ್ಬರೂ ಒಂದೇ ನಿಶ್ಚಯಕ್ಕೆ ಬಂದಿದ್ದಾರೆಂದು ಖಾತ್ರಿಪಡಿಸಲಾಗದು. 1984ರಲ್ಲಿ ಬಿರೆಲ್ ಮತ್ತು ನೆಲ್ಸನ್ ಇಬ್ಬರೂ ದೂರದ ಯಂತ್ರದಲ್ಲಿರುವ ಫಂಕ್ಷನ್ನನ್ನು ಪಕ್ಕದಲ್ಲೇ ಇರುವಂತೆ ಕರೆಯುವ ವಿಧಾನವನ್ನು ವಿವರಿಸಿ ಬರೆದರು. ಬಹಳ ಪ್ರಾಮಾಣಿಕ ಬರಹ: ಉತ್ತರ ಬಂದರೆ ಕೆಲಸ ಒಮ್ಮೆ ಆಗಿದೆ, ತಪ್ಪಿನ ಕೂಗು ಬಂದರೆ ಕೆಲಸ ಒಮ್ಮೆ ಆಗಿರಲೂಬಹುದು, ಆಗದಿರಲೂಬಹುದು, ಯಾವುದೆಂದು ಕರೆದವರಿಗೆ ತಿಳಿಯದು. ಬಳಸಿದ ನಾವು ಮಾತ್ರ ಪಕ್ಕದಲ್ಲೇ ಇದ್ದಂತೆ ಎಂಬುದನ್ನಷ್ಟೇ ನೆನಪಿಟ್ಟೆವು. ಹತ್ತು ವರ್ಷದ ಮೇಲೆ ಸನ್ ಕಂಪನಿಯ ಜಿಮ್ ವಾಲ್ಡೋ ಮತ್ತು ಸಂಗಡಿಗರು, ಹತ್ತಿರದ್ದನ್ನೂ ದೂರದ್ದನ್ನೂ ಒಂದೇ ವೇಷದಲ್ಲಿ ತೋರಿಸುವುದೇ ತಪ್ಪು ಎಂದು ಎಚ್ಚರಿಸಬೇಕಾಯಿತು.

ಬ್ಯಾಂಕಿನವರು ಬೇಗ ಕಲಿತರು, ಏಕೆಂದರೆ ಪ್ರತಿ ಮೌನಕ್ಕೂ ಅವರಲ್ಲಿ ರೂಪಾಯಿ ಬೆಲೆ ಇದೆ. ಭಾರತದ ಮೊದಲ ಎಟಿಎಂ 1987ರಲ್ಲಿ ಮುಂಬಯಿಯಲ್ಲಿ ಎಚ್‌ಎಸ್‌ಬಿಸಿ ಬ್ಯಾಂಕಿನದು. ಕಾರ್ಡಿನ ಸಂದೇಶಗಳ ಐಎಸ್‌ಒ 8583 ಎಂಬ ಅಂತಾರಾಷ್ಟ್ರೀಯ ಮಾನಕ ಮೊದಲು ಹೊರಬಂದದ್ದೂ ಅದೇ ವರ್ಷ. ಅದರ 39ನೇ ಅಂಕಣವೇ ಉತ್ತರದ ಜಾಗ. 00 ಎಂದರೆ ಒಪ್ಪಿದೆ, 51 ಎಂದರೆ ಖಾತೆಯಲ್ಲಿ ಹಣ ಸಾಲದು, 55 ಎಂದರೆ ಪಿನ್ ತಪ್ಪು, 91 ಎಂದರೆ ಕಾರ್ಡು ಕೊಟ್ಟ ಬ್ಯಾಂಕು ಸಿಗುತ್ತಿಲ್ಲ. ಉತ್ತರವೇ ಬಾರದಿದ್ದರೆ? ಕೇಳಿದವರು ಸುಮ್ಮನೆ ಕೂರುವಂತಿಲ್ಲ. ಹಿಂದಿನ ಕೋರಿಕೆಯನ್ನು ರದ್ದು ಮಾಡಿ ಎಂಬ ಹೊಸ ಸಂದೇಶ ಹೊರಡಬೇಕು, ಅದು ಮುಟ್ಟಿತೆಂಬ ಉತ್ತರ ಬರುವವರೆಗೆ ಮತ್ತೆ ಮತ್ತೆ ಹೋಗಬೇಕು. ಬಾರದ ಮಗುವನ್ನು ಹುಡುಕಲು ಇನ್ನೊಂದು ಮಗುವನ್ನು ಕಳಿಸಿದ ಹಾಗೆ.

ರಾಷ್ಟ್ರೀಯ ಪಾವತಿ ನಿಗಮ ನಮ್ಮ ಮುಂಬಯಿಯದೇ. 2010ರಲ್ಲಿ ಐಎಂಪಿಎಸ್, 2016ರ ಏಪ್ರಿಲ್‌ನಲ್ಲಿ ಯುಪಿಐ ಶುರು ಮಾಡಿದವರು ಇವರು. ಯುಪಿಐಯಲ್ಲಿ ಕಳಿಸುವವರ ಖಾತೆಯಿಂದ ಹಣ ತೆಗೆದಾಗಿದೆ, ಪಡೆಯುವವರ ಬ್ಯಾಂಕು ಮಾತಾಡುತ್ತಿಲ್ಲ ಎಂಬ ಸ್ಥಿತಿಗೆ ಒಂದು ಹೆಸರೇ ಇದೆ, ಡೀಮ್ಡ್. ಆಗಿದೆಯೆಂದು ಸದ್ಯಕ್ಕೆ ಭಾವಿಸಲಾಗಿದೆ, ಲೆಕ್ಕ ತಾಳೆ ನೋಡಿ ಖಚಿತಪಡಿಸಲಾಗುವುದು. ಮನಿಯಾರ್ಡರ್ ಫಾರಮ್ಮಿನಲ್ಲಿ ಖಾಲಿ ಇದ್ದ ಮನೆ ಇದೇ. ಪ್ರತಿ ವ್ಯವಹಾರಕ್ಕೂ ತನ್ನದೇ ಗುರುತು ಸಂಖ್ಯೆ ಇರುವುದರಿಂದ, ಮತ್ತೆ ಹಣ ಕಳಿಸುವ ಬದಲು, ಈ ಸಂಖ್ಯೆಯದು ಏನಾಯಿತು ಎಂದು ಕೇಳಬಹುದು. ಅಪ್ಪಯ್ಯನಿಗೆ ಹಾಗೆ ಕೇಳಲು ಸಾಧ್ಯವಿದ್ದಿದ್ದರೆ ನಾಲ್ಕು ತಿಂಗಳ ನಿದ್ದೆ ಉಳಿಯುತ್ತಿತ್ತು.

ಇದರಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದೆನಿಸುವುದು ತಂತ್ರಜ್ಞರು ಬರೆದ ಸಾಲಲ್ಲ. 2019ರ ಸೆಪ್ಟೆಂಬರ್ 20ರಂದು ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆ ಅದು. ಎಟಿಎಂನಲ್ಲಿ ಖಾತೆಯಿಂದ ಹಣ ಹೋಗಿ ನೋಟು ಬಾರದಿದ್ದರೆ, ವ್ಯವಹಾರದ ದಿನ ಬಿಟ್ಟು ಐದು ದಿನದೊಳಗೆ ತಾನಾಗಿಯೇ ಹಣ ಹಿಂದಿರುಗಬೇಕು. ಯುಪಿಐಯಲ್ಲಿ ಒಬ್ಬರಿಂದ ಒಬ್ಬರಿಗೆ ಕಳಿಸಿದ ಹಣ ಜಮೆಯಾಗದಿದ್ದರೆ ಮರುದಿನದೊಳಗೆ. ತಡವಾದರೆ ದಿನಕ್ಕೆ ನೂರು ರೂಪಾಯಿ ಪರಿಹಾರ, ಗ್ರಾಹಕರು ದೂರು ಕೊಡದಿದ್ದರೂ. ಮಾಟುಂಗದ ಅಡುಗೆಮನೆಯಲ್ಲಿ ಮೌನದ ಖರ್ಚು ಹೊತ್ತದ್ದು ಹಣ ಕಳಿಸಿದವನು. ಕೊಬಾಲ್ ಆಗಲಿ, ಸಿ ಆಗಲಿ, ಜಾವಾ ಆಗಲಿ, ಉತ್ತರ ನೋಡದೆ ಬಿಟ್ಟ ಪ್ರೋಗ್ರಾಮರನಿಗೆ ನಷ್ಟವಾಗಲಿಲ್ಲ, ಪಾಸ್‌ಬುಕ್ ಹಿಡಿದು ನಿಂತವರಿಗಾಯಿತು. ಭಾಷೆ ಕಟ್ಟುವವರು ರಿಟರ್ನ್ ವ್ಯಾಲ್ಯೂ ಹೀಗಿರಲಿ, ಹಾಗಿರಲಿ ಎಂದು ಜಗಳವಾಡುವಾಗ ನಾನು ಕೇಳಿಕೊಳ್ಳುವುದು ಇಷ್ಟೇ: ಉತ್ತರವನ್ನು ನೋಡದಿದ್ದರೆ ಮೊದಲು ತೊಂದರೆಯಾಗುವುದು ಯಾರಿಗೆ? ರಸ್ಟ್ ಕಂಪೈಲರ್ ಆ ತೊಂದರೆಯನ್ನು ಬರೆಯುವವನ ಮೇಜಿಗೆ ತಂದಿಡುತ್ತದೆ, ಸುತ್ತೋಲೆ ಬ್ಯಾಂಕಿನ ಮೇಜಿಗೆ.

ಹುಬ್ಬಳ್ಳಿಯ ಹುಡುಗಿ ಕಥೆ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅಂದ್ರ ಮೂರನೇದು ಒಂದು ಬೇಕಾತಲ್ರೀ ಸರ್," ಎಂದಳು. ಮರುದಿನ ಅವಳ ಫಂಕ್ಷನ್ ಮೂರು ಉತ್ತರ ಕೊಡುತ್ತಿತ್ತು, ಮೂರನೆಯದರ ಜೊತೆ ವ್ಯವಹಾರದ ಗುರುತು ಸಂಖ್ಯೆಯೂ ಬರುತ್ತಿತ್ತು. ಮೂರನ್ನೂ ವಿಚಾರಿಸದೆ ಬಿಟ್ಟ ಕಡೆಗಳಲ್ಲಿ ಕಂಪೈಲ್ ಆಗದಂತೆಯೂ ಮಾಡಿದ್ದಳು. ನಮ್ಮದೇ ಹಳೆಯ ಕೋಡಿನಲ್ಲಿ ಅಂಥ ಹನ್ನೊಂದು ಜಾಗ ಸಿಕ್ಕವು. ಅದರಲ್ಲಿ ನಾಲ್ಕು ನಾನು ಬರೆದದ್ದು.

ಕಳೆದ ತಿಂಗಳ ಒಂದನೇ ತಾರೀಕು ಮೀರಾ ರೋಡಿಗೆ ಹೋಗುವ ಲೋಕಲ್‌ನಲ್ಲಿ ನಿಂತು ಅಮ್ಮನಿಗೆ ಹಣ ಕಳಿಸಿದೆ. ಬೋರಿವಲಿ ದಾಟಿದರೂ ಚಕ್ರ ಸುತ್ತುತ್ತಲೇ ಇತ್ತು. ದಹಿಸರ್‌ನಲ್ಲಿ ಫೋನು ಬಂತು.

"ದುಡ್ಡ್ ಬಂದಿತ್ ಮಗಾ. ಇನ್ನೊಂದ್ಸಲ ಕಳ್ಸ್‌ಬ್ಯಾಡ."